ಕೊಲ್ಲೂರಿನ ವಜ್ರದ ಗಣಿ: ಯಂತ್ರವಿಲ್ಲದ ಉದ್ಯಮವೊಂದರ ಚರಿತ್ರೆ

ಗೋಲ್ಕೊಂಡದ ವಜ್ರಗಳು ಗೋಲ್ಕೊಂಡದಲ್ಲಿ ಸಿಕ್ಕಿದವಲ್ಲ. ಹೈದರಾಬಾದಿನ ಅಂಚಿನಲ್ಲಿರುವ ಈ ಕೋಟೆ ಕುತುಬ್ ಶಾಹಿಗಳ ರಾಜಧಾನಿಯಾಗಿತ್ತು, ವಜ್ರದ ಪೇಟೆಯಾಗಿತ್ತು. ಗಣಿಗಳಿದ್ದದ್ದು ಕೃಷ್ಣಾ ನದಿಯ ದಂಡೆಯಲ್ಲಿ ಮತ್ತು ಕರ್ನೂಲು ಸೀಮೆಯಲ್ಲಿ. ಅವುಗಳಲ್ಲೆಲ್ಲ ಹೆಸರಾದದ್ದು ಇಂದಿನ ಆಂಧ್ರಪ್ರದೇಶದ ಪಲ್ನಾಡು ಜಿಲ್ಲೆಯ ಕೊಲ್ಲೂರು. ಮೂಕಾಂಬಿಕೆಯ ಕೊಲ್ಲೂರಿಗೂ ಇದಕ್ಕೂ ಹೆಸರಿನ ನಂಟಷ್ಟೇ.

ಕೊಲ್ಲೂರಿನ ಬಗ್ಗೆ ಹೆಚ್ಚು ವಿವರ ಬರೆದವನು 17ನೇ ಶತಮಾನದ ಫ್ರೆಂಚ್ ರತ್ನವ್ಯಾಪಾರಿ ಟ್ಯಾವರ್ನಿಯರ್. ಧಾನ್ಯ ಬಿತ್ತಲು ನೆಲ ಅಗೆಯುತ್ತಿದ್ದ ಬಡವನೊಬ್ಬನಿಗೆ ದೊಡ್ಡ ಹರಳು ಸಿಕ್ಕಿ ಗಣಿ ಶುರುವಾಯಿತೆಂಬ ಕಥೆಯನ್ನು ಅವನು ಕೇಳಿದ್ದ. ಅವನು ಮೊದಲ ಸಲ ಹೋದಾಗ ಅಲ್ಲಿ ಸುಮಾರು 60,000 ಜನ ದುಡಿಯುತ್ತಿದ್ದರಂತೆ. 1620ರ ದಶಕದಲ್ಲಿ ಗಣಿ ಕಂಡ ಇಂಗ್ಲಿಷ್ ವರ್ತಕ ಮೆಥ್‌ವೋಲ್ಡ್ ಹೇಳಿದ್ದು 30,000. ಎರಡೂ ಕಣ್ಣಳತೆಯ ಲೆಕ್ಕಗಳೇ. ಆದರೂ ಜನಸಂದಣಿಯ ಅಂದಾಜು ಸಿಗುತ್ತದೆ.

ಕೆಲಸದ ಕ್ರಮ ಸರಳ, ದುಡಿಮೆ ಮಾತ್ರ ಘೋರ. ಮೊದಲು ಪೂಜೆ, ಊಟ. ಆಮೇಲೆ ಗಂಡಸರು ನೀರು ಒಸರುವ ತನಕ, ಅಂದರೆ 10ರಿಂದ 14 ಅಡಿ ಆಳಕ್ಕೆ, ಅಗೆಯುತ್ತಿದ್ದರು. ಹೆಂಗಸರೂ ಮಕ್ಕಳೂ ಆ ಮಣ್ಣನ್ನು ಗಿಡ್ಡ ಗೋಡೆ ಕಟ್ಟಿದ ಅಂಗಳಕ್ಕೆ ಹೊರುತ್ತಿದ್ದರು. ಅಲ್ಲಿ ನೀರು ಹಾಯಿಸಿ ಕೆಸರನ್ನು ಹೊರಬಿಡುವುದು, ಉಳಿದದ್ದನ್ನು ಬಿಸಿಲಿಗೆ ಒಣಗಿಸುವುದು, ಕೇರುವುದು, ಹೆಂಟೆಗಳನ್ನು ಮರದ ಒನಕೆಯಿಂದ ಕುಟ್ಟುವುದು, ಕೊನೆಗೆ ಕೈಯಿಂದ ಹರಳು ಹೆಕ್ಕುವುದು. ಬೆಳೆ ಒಕ್ಕುವ ಕಣದ ಕೆಲಸವೇ ಇಲ್ಲಿ ಗಣಿಯ ಕೆಲಸವಾಗಿತ್ತು.

ಕೂಲಿಯ ವಿಷಯದಲ್ಲಿ ಟ್ಯಾವರ್ನಿಯರ್ ಕೊಡುವ ವಿವರ ಇನ್ನೊಂದು ಗಣಿಯದು. ಅವನು ರಾವೋಲ್ಕೊಂಡ ಎಂದು ಕರೆದ ಆ ಊರು ಕರ್ನೂಲು ಜಿಲ್ಲೆಯ ರಾಮಳ್ಳಕೋಟವೆಂದು ಗುರುತಿಸಲಾಗಿದೆ. ಅಲ್ಲಿ ನುರಿತ ಕೆಲಸಗಾರನಿಗೂ ವರ್ಷಕ್ಕೆ ಸಿಗುತ್ತಿದ್ದದ್ದು 3 ವರಹ. ಹರಳು ನುಂಗಿ ಬಚ್ಚಿಡುವವರಿದ್ದರೆಂದು 50 ಮಂದಿಯ ಮೇಲೆ 12ರಿಂದ 15 ಕಾವಲುಗಾರರು. ದೊಡ್ಡ ಕಲ್ಲು ತಂದೊಪ್ಪಿಸಿದವನಿಗೆ ರುಮಾಲಿನ ಬಟ್ಟೆ, ಜೊತೆಗೆ ಅಷ್ಟಿಷ್ಟು ಹಣ ಇಲ್ಲವೆ ಅಕ್ಕಿ, ಒಂದು ತಟ್ಟೆ ಸಕ್ಕರೆ. ಇಂಥ ಕೂಲಿ ಇರುವಲ್ಲಿ ಕಳವಿಗೆ ಬೇರೆ ಕಾರಣ ಹುಡುಕಬೇಕಿಲ್ಲ.

ಕಲ್ಲುಗಳ ಚರಿತ್ರೆ ಮಾತ್ರ ಚೆನ್ನಾಗಿ ದಾಖಲಾಗಿದೆ. ಕೊಲ್ಲೂರಿನದೆಂದು ನಂಬಲಾದ ನೀಲಿ ವಜ್ರವೊಂದನ್ನು ಟ್ಯಾವರ್ನಿಯರ್ ಫ್ರಾನ್ಸಿನ 14ನೇ ಲೂಯಿಗೆ ಮಾರಿದ. ಅದರಿಂದಲೇ ಹೊರಟ ಹೋಪ್ ವಜ್ರ 1958ರಿಂದ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದೆ.

1687ರಲ್ಲಿ ಗೋಲ್ಕೊಂಡ ಔರಂಗಜೇಬನ ಕೈಸೇರಿತು. 1720ರ ದಶಕದಲ್ಲಿ ಬ್ರೆಜಿಲ್‌ನ ವಜ್ರಗಳು ಬೆಳಕಿಗೆ ಬಂದವು. ಕೊಲ್ಲೂರು ಪಾಳುಬಿತ್ತು. ಊರಿನ ಗುರುತೇ ಅಳಿದು, 19ನೇ ಶತಮಾನದಲ್ಲಿ ಭೂವಿಜ್ಞಾನಿ ವ್ಯಾಲೆಂಟೈನ್ ಬಾಲ್ ಟ್ಯಾವರ್ನಿಯರ್‌ನ ದಾರಿ ಲೆಕ್ಕ ಹಿಡಿದು ಅದನ್ನು ಮತ್ತೆ ನಕ್ಷೆಯಲ್ಲಿ ಗುರುತಿಸಬೇಕಾಯಿತು. ಈಗ ಆ ನೆಲ ಪುಲಿಚಿಂತಲ ಜಲಾಶಯದ ಹಿನ್ನೀರಿನ ಪಾಲಾಗಿದೆ.

ನಿಂತುಹೋದ ಇನ್ನೊಂದು ಉದ್ಯಮವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ದಕ್ಷಿಣ ಅಟ್ಲಾಂಟಿಕ್ ಸಾಗರದ ಸೌತ್ ಜಾರ್ಜಿಯಾ ದ್ವೀಪದಲ್ಲಿ 1904ರಲ್ಲಿ ಶುರುವಾದ ಗ್ರಿಟ್ವಿಕೆನ್ ತಿಮಿಂಗಿಲ ಬೇಟೆಯ ನೆಲೆ 1960ರ ದಶಕದಲ್ಲಿ ಮುಚ್ಚಿತು. ಅಲ್ಲಿ ತುಕ್ಕು ಹಿಡಿದ ಎಣ್ಣೆ ತೊಟ್ಟಿಗಳಿವೆ, ವಸ್ತುಸಂಗ್ರಹಾಲಯವಿದೆ, ಪ್ರವಾಸಿಗರು ಬರುತ್ತಾರೆ. ಕಬ್ಬಿಣ ಬಿಟ್ಟುಹೋದ ಉದ್ಯಮಕ್ಕೆ ಸ್ಮಾರಕ ಸುಲಭ. ಗುದ್ದಲಿ, ಮೊರ, ಒನಕೆಗಳಿಂದ ನಡೆದ ಉದ್ಯಮಕ್ಕೆ ಆ ಭಾಗ್ಯವಿಲ್ಲ.

ಹಾಗಾಗಿ ವಜ್ರಗಳ ವಂಶಾವಳಿಯನ್ನು ಮತ್ತೆ ಹೇಳುವ ಅಗತ್ಯವಿಲ್ಲ. ಹೈದರಾಬಾದಿನ ಪತ್ರಾಗಾರದ ಪಾರಸಿ ಕಡತಗಳು, ಡಚ್ ಮತ್ತು ಇಂಗ್ಲಿಷ್ ಕಂಪನಿಗಳ ಪತ್ರಗಳು, ಮಳೆ ಬಿದ್ದೊಡನೆ ಕರ್ನೂಲಿನ ತುಗ್ಗಲಿ, ಜೊನ್ನಗಿರಿ ಹೊಲಗಳಲ್ಲಿ ಇಂದಿಗೂ ಹರಳು ಹುಡುಕುವವರ ಮಾತು, ಈ ಮೂರನ್ನೂ ಒಟ್ಟಿಗೆ ಓದಿ, ಮಣ್ಣು ಹೊತ್ತವರ ಚರಿತ್ರೆಯನ್ನು ಬರೆಯಲು ವಿದ್ವಾಂಸರು ಮುಂದಾಗಬೇಕು.