ಗಂಟಲು ಕುಯ್ದ ಮೇಲೆ ಮಾತಿನ ಬೆಲೆ ಎಷ್ಟು?



ನಮ್ಮ ಕೇರಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಅವರು ಹಾಡೋಕೆ ನಿಂತರೆ ಮೈಕು ಬೇಕಿರಲಿಲ್ಲ. ಒಂದು ದಿನ ದನಿ ಒಡೀತು. ಬೀಡಿ ಕೆಮ್ಮು ಅಂತ ಆರು ತಿಂಗಳು ಕಷಾಯ ಕುಡಿದರು. ಬೆಂಗಳೂರಿಗೆ ಕರೆದೊಯ್ಯುವಷ್ಟರಲ್ಲಿ ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿರಲಿಲ್ಲ. ಈಗ ಕುತ್ತಿಗೆಯ ತೂತಿನಲ್ಲಿ ಉಸಿರಾಡುತ್ತಾರೆ. ಜೀವ ಉಳೀತು, ಮಾತು ಹೋಯ್ತು.

ಬರೆದು ತೋರಿಸಲಿ ಅಂತ ಆಸ್ಪತ್ರೆಯಲ್ಲಿ ಸ್ಲೇಟು ಕೊಟ್ಟರು. ಶಾಲೆಯ ಒಳಗೇ ಬಿಟ್ಟುಕೊಳ್ಳದ ಕಾಲದಲ್ಲಿ ಬೆಳೆದವರ ಕೈಗೆ ಸ್ಲೇಟು! ಅದನ್ನು ಮಡಿಲಲ್ಲಿಟ್ಟುಕೊಂಡು ನಮ್ಮ ಮುಖ ನೋಡಿದರು.

ಲೆಕ್ಕ ಹೇಳ್ತೀವಿ, ಕೇಳಿ. ಬಿಪಿಎಲ್ ಕುಟುಂಬಕ್ಕೆ 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಸಣ್ಣ ಮಾತಲ್ಲ. ಆದರೆ ಕರೆಂಟು ಕೊಡೋದು ಅಂದರೆ ವಾರಕ್ಕೆ 5 ದಿನದಂತೆ ಆರೇಳು ವಾರ. ರೋಗಿಯ ಕೂಲಿ ಹೋಯ್ತು, ಜೊತೆಗಿದ್ದವರ ಕೂಲಿಯೂ ಹೋಯ್ತು. ಬಸ್ಸು, ಬಾಡಿಗೆ, ಗಂಜಿಯ ಖರ್ಚನ್ನು ಯಾವ ಕಾರ್ಡು ಕಟ್ಟುತ್ತೆ?

ಇನ್ನು ಮಾತಿನ ಲೆಕ್ಕ. ಶ್ವಾಸನಾಳ, ಅನ್ನನಾಳಗಳ ನಡುವೆ ಸಣ್ಣ ಕವಾಟ ಕೂರಿಸಿದರೆ ಎಷ್ಟೋ ಜನ ಮತ್ತೆ ಮಾತಾಡಬಹುದು. ಹೊರದೇಶದ ಕವಾಟಕ್ಕೆ ಸಾವಿರಾರು ರೂಪಾಯಿ. ಅದೂ ಸವೆದಾಗೆಲ್ಲ ಬದಲಿಸಬೇಕು. ಬೆಂಗಳೂರಿನ ಡಾ. ವಿಶಾಲ್ ರಾವ್ ಮತ್ತು ಅವರ ಗೆಳೆಯ ಶಶಾಂಕ್ ಮಹೇಶ್ ರೂಪಿಸಿದ ಕವಾಟದ ಬೆಲೆ ಸುಮಾರು 50 ರೂಪಾಯಿ ಅಂತ 2015–16ರಲ್ಲಿ ಸುದ್ದಿಯಾಯಿತು. ಹಾಗಾದರೆ ಬಡವನ ಮಾತು ಇಷ್ಟು ದುಬಾರಿ ಯಾಕೆ? ಜೀವ ಉಳಿಸುವ ಯೋಜನೆ ಮಾತನ್ನೂ ಉಳಿಸಲಿ. ಮಾತು ಷೋಕಿಯಲ್ಲ, ಚಿಕಿತ್ಸೆಯ ಭಾಗ. ಇದು ನಮ್ಮ ಬೇಡಿಕೆ.

ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ಊರಿಗೆ ಹೋದಾಗ ಅಪ್ಪನ ದನಿ ಕಿವಿಗೊಟ್ಟು ಕೇಳಿ. 3 ವಾರ ದಾಟಿದರೂ ಒಡಕಾಗೇ ಇದ್ದರೆ, ನುಂಗಲು ಕಷ್ಟವಾದರೆ, ಕುತ್ತಿಗೆಯಲ್ಲಿ ಗಂಟು ಕಂಡರೆ ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಮೊದಲ ಹಂತದಲ್ಲೇ ಸಿಕ್ಕರೆ ಬಹಳ ಜನಕ್ಕೆ ಧ್ವನಿಪೆಟ್ಟಿಗೆ ತೆಗೆಯದೆಯೇ ವಾಸಿಯಾಗುತ್ತೆ. ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬರೆಸಿಕೊಳ್ಳಿ. ರೈಲಿನ ರಿಯಾಯಿತಿ ಫಾರಂ ಕೇಳಿ ಪಡೀರಿ. ನಿಮ್ಮ ಬಾಯಲ್ಲಿರೋ ಗುಟ್ಕಾ ಉಗೀರಿ. 2013ರಲ್ಲಿ ನಿಷೇಧವಾದದ್ದು ಈಗ ಮಸಾಲೆ ಬೇರೆ, ತಂಬಾಕು ಬೇರೆ, ಎರಡು ಪೊಟ್ಟಣವಾಗಿ ಕೇರಿಗೆ ಬರ್ತಿದೆ.

ಆ ಹಿರಿಯರಿಗೆ ಸಿಗದ ಅಕ್ಷರ ನಿಮಗೆ ಸಿಕ್ಕಿದೆ. ಜಿಲ್ಲಾ ಆರೋಗ್ಯಾಧಿಕಾರಿಗೆ ಅರ್ಜಿ ನೀವು ಬರೀರಿ. ಮೊದಲ ಹೆಬ್ಬೆಟ್ಟು ಅವರದು, ಆಮೇಲೆ ನಮ್ಮೆಲ್ಲರ ರುಜು.