ಬಚ್ಚಿಟ್ಟವರ ಹೊಣೆ, ಹುಡುಕುವವರ ವಿನಯ

(ಕುರಕುಂಟಾದ ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಮುಂದೆ ಮಾಡಿದ ಭಾಷಣದ ಪಠ್ಯ)



ಬಚ್ಚಿಟ್ಟದ್ದನ್ನು ಹುಡುಕುವುದು ಎಂದೊಡನೆ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ನಿಧಿಯಾಸೆಗೆ ಹಳೆಯ ಗುಡಿಗಳನ್ನು ಅಗೆದು ಹಾಳುಗೆಡವಿದ ಕಥೆಗಳು ನಾಡಿನುದ್ದಕ್ಕೂ ಇವೆ. ನಾನಿಂದು ಹೇಳಹೊರಟ ಹುಡುಕಾಟದಲ್ಲಿ ನಿಧಿಯೂ ಇಲ್ಲ, ಅಗೆತವೂ ಇಲ್ಲ. ಇರುವುದು ಒಂದು ಡಬ್ಬಿ, ಅದರೊಳಗೊಂದು ಪುಟ್ಟ ಪುಸ್ತಕ, ಮತ್ತು ಒಬ್ಬರ ಮುಖವನ್ನೊಬ್ಬರು ಕಾಣದ ಇಬ್ಬರ ನಡುವಿನ ನಂಬಿಕೆ. ಇದಕ್ಕೆ ಜಿಯೋಕ್ಯಾಶಿಂಗ್ ಎನ್ನುತ್ತಾರೆ.

ಜಿಪಿಎಸ್ ಉಪಗ್ರಹಗಳ ಸಂಕೇತದಲ್ಲಿ ಸಾರ್ವಜನಿಕರ ಬಳಕೆಗೆಂದು ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ 2000ದ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತು. ಮೇ 3ರಂದು ಡೇವ್ ಉಲ್ಮರ್ ಎಂಬಾತ ಆರೆಗಾನ್ ರಾಜ್ಯದ ಕಾಡೊಂದರಲ್ಲಿ ಬಕೆಟ್ಟೊಂದನ್ನು ಇರಿಸಿ, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದ. ಏನಾದರೂ ತೆಗೆದುಕೊಳ್ಳಿ, ಏನಾದರೂ ಇಡಿ ಎಂಬುದೇ ಅವನ ನಿಯಮ. ಅಂದಿನಿಂದ ಕ್ರೀಡೆ ಜಗತ್ತಿನಾದ್ಯಂತ ಹಬ್ಬಿದೆ. ಹುಡುಕಿ ಬಂದವರು ಡಬ್ಬಿಯೊಳಗಿನ ಪುಸ್ತಕದಲ್ಲಿ ಹೆಸರು, ದಿನಾಂಕ ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಮರಳುತ್ತಾರೆ. ಇಂದು ಇದಕ್ಕೆ ಕೈಯಲ್ಲಿರುವ ಮೊಬೈಲು ಸಾಕು.

ಮೊದಲು ಬಚ್ಚಿಡುವವರ ಕರ್ತವ್ಯವನ್ನು ನೋಡೋಣ. ಬಚ್ಚಿಟ್ಟ ದಿನಕ್ಕೆ ಅವರ ಕೆಲಸ ಮುಗಿಯುವುದಿಲ್ಲ, ಆರಂಭವಾಗುತ್ತದೆ. ಜಮೀನಿನ ಒಡೆಯರ ಒಪ್ಪಿಗೆ ಪಡೆಯಬೇಕು. ನೆಲ ಅಗೆದು ಹೂಳಬಾರದು, ಮರಕ್ಕೆ ಮೊಳೆ ಹೊಡೆಯಬಾರದು. ತಿನಿಸನ್ನು ಇಡಲೇಬಾರದು, ಇರುವೆ, ಇಲಿ, ಮಂಗಗಳು ಹುಡುಕುವವರಿಗಿಂತ ಮೊದಲೇ ಬರುತ್ತವೆ. ಅಪರಿಚಿತ ಡಬ್ಬಿ ಕಂಡು ಜನ ಬೆದರದಂತೆ ಒಳಗೇನಿದೆ ಎಂದು ಹೊರಗೇ ಬರೆದಿರಬೇಕು. ಮಳೆಗಾಲ ಕಳೆದೊಡನೆ ಹೋಗಿ ನೋಡಬೇಕು. ಆಟ ಸಾಕೆನಿಸಿದರೆ ಡಬ್ಬಿಯನ್ನು ಮರಳಿ ತರಬೇಕು. ತಾರದೆ ಬಿಟ್ಟ ಡಬ್ಬಿ ಬರಿಯ ಪ್ಲಾಸ್ಟಿಕ್ ಕಸ.

ಇನ್ನು ಹುಡುಕುವವರ ವಿನಯ. ಡಬ್ಬಿ ಹೇಗಿತ್ತೋ ಹಾಗೆಯೇ, ಎಲ್ಲಿತ್ತೋ ಅಲ್ಲಿಯೇ ಇಡಬೇಕು. ಒಂದು ವಸ್ತು ತೆಗೆದುಕೊಂಡರೆ ಅದಕ್ಕೆ ಸಮನಾದುದನ್ನು ಇಡಬೇಕು. ಸಿಗದಿದ್ದರೆ ಸಿಗಲಿಲ್ಲ ಎಂದು ಪ್ರಾಮಾಣಿಕವಾಗಿ ತಿಳಿಸಬೇಕು. ಇದು ಸೋಲಲ್ಲ, ಬಚ್ಚಿಟ್ಟವರು ಹೋಗಿ ನೋಡಲು ದೊರೆಯುವ ಸೂಚನೆ. ಸಿಗಲಿಲ್ಲವೆಂದು ತಾವೇ ಹೊಸ ಡಬ್ಬಿಯಿಟ್ಟು ಗೆದ್ದೆನೆನ್ನುವುದು ಸಲ್ಲದು. ಗುಟ್ಟನ್ನು ಇತರರಿಗೆ ಬಿಟ್ಟುಕೊಡಬಾರದು. ಪುಸ್ತಕ ನೆನೆದಿದ್ದರೆ ದೂರದೆ ತಿಳಿಸಿ, ಎರಡು ಸಾಲು ಕೃತಜ್ಞತೆ ಬರೆಯಬೇಕು. ಬಚ್ಚಿಟ್ಟವರಿಗೆ ಸಲ್ಲುವ ಸಂಭಾವನೆ ಅದೊಂದೇ.

ಈ ಆಟದಲ್ಲಿ ಮೂರನೆಯವರೂ ಒಬ್ಬರಿದ್ದಾರೆ: ಆ ನೆಲ, ಮತ್ತು ಅದರಲ್ಲಿ ಬದುಕುವವರು. ಹೊರದೇಶಗಳಲ್ಲಿ ದಾರಿಹೋಕರ ಕಣ್ಣಿಗೆ ಬೀಳದೆ ಹುಡುಕುವುದೇ ಶಿಷ್ಟಾಚಾರ. ನಮ್ಮಲ್ಲಿ ಅದೇ ನಡತೆ ಕಳ್ಳತನದಂತೆ ಕಾಣುತ್ತದೆ. ಬೆಳೆ ನಿಂತ ಹೊಲದ ಬದುವಿನಲ್ಲಿ ತಡಕಾಡುವ ಅಪರಿಚಿತನನ್ನು ಕಂಡ ರೈತ ಏನೆಂದುಕೊಂಡಾನು? ಆದ್ದರಿಂದ ಕುರಿ ಕಾಯುವವರಿಗೆ, ಹೊಲದಲ್ಲಿದ್ದವರಿಗೆ ನಮಸ್ಕರಿಸಿ ವಿಷಯ ತಿಳಿಸಿ ಮುಂದೆ ಹೋಗುವುದೇ ನಮಗೆ ಒಪ್ಪುವ ಮರ್ಯಾದೆ.

ಎಲ್ಲೆಲ್ಲಿ ಬಚ್ಚಿಡಬಾರದು ಎಂಬುದೂ ಅಷ್ಟೇ ಮುಖ್ಯ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯ ಕಲ್ಲುಸಂದಿಯಲ್ಲಾಗಲಿ, ಸನ್ನತಿಯ ಬಳಿಯ ಕನಗನಹಳ್ಳಿ ಸ್ತೂಪದ ಅವಶೇಷಗಳಲ್ಲಾಗಲಿ ಡಬ್ಬಿ ಇಡುವುದು ಅಪಚಾರ. ಒಬ್ಬ ಇಟ್ಟರೆ ಹತ್ತು ಜನ ಕಲ್ಲು ಮೀಟುತ್ತಾರೆ. ಮೊಬೈಲು ತೋರುವ ಜಾಗ ಕೆಲವು ಮೀಟರು ತಪ್ಪಿದರೆ ಬೇರೆಯ ಕಲ್ಲನ್ನೂ ಮೀಟುತ್ತಾರೆ. ಚಿಂಚೋಳಿಯ ಗುಡ್ಡಗಾಡು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಗಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಏನನ್ನೂ ಇಡುವಂತಿಲ್ಲ. ಹಾಗೆಯೇ ನೀರು ತುಂಬಿ ನಿಂತ ಹಳೆಯ ಕಲ್ಲುಗಣಿಗಳ ಅಂಚು. ಬಚ್ಚಿಡುವವನು ಒಂದು ಪ್ರಶ್ನೆ ಕೇಳಿಕೊಳ್ಳಲಿ: ಈಜು ಬಾರದ ಹನ್ನೆರಡರ ಹುಡುಗಿ ಇದನ್ನು ಹುಡುಕಿಕೊಂಡು ಒಬ್ಬಳೇ ಬಂದರೆ? ಉತ್ತರ ಹೇಳಲು ಮನಸ್ಸು ಅಳುಕಿದರೆ ಆ ಜಾಗ ಬೇಡ.

ಹಾಗಾದರೆ ನಮಗೆ ಉಳಿಯುವುದೇನು? ಡಬ್ಬಿಯೇ ಇಲ್ಲದ ಒಂದು ಬಗೆಯೂ ಇದೆ. ಅಮೆರಿಕದ ಭೂವಿಜ್ಞಾನ ಸಂಘದ ನೆರವಿನಿಂದ 2004ರಲ್ಲಿ ಆರಂಭವಾದ ಅರ್ಥ್‌ಕ್ಯಾಶ್ ಅದು. ಇಲ್ಲಿ ಸ್ಥಳವನ್ನು ಮಾತ್ರ ತಿಳಿಸುತ್ತಾರೆ; ಬಂದವರು ನೆಲವನ್ನು ನೋಡಿ, ಕೇಳಿದ ಪ್ರಶ್ನೆಗಳಿಗೆ ಉತ್ತರ ಕಳುಹಿಸುತ್ತಾರೆ. ಏನನ್ನೂ ಇಡುವುದಿಲ್ಲ, ಏನನ್ನೂ ಒಯ್ಯುವುದಿಲ್ಲ. ಇದಕ್ಕೆ ನಮ್ಮ ಸೀಮೆಗಿಂತ ತಕ್ಕ ನೆಲ ಬೇಕೆ? ನಾವು ಮನೆಗೆ ಹಾಸುವ ಶಹಾಬಾದ್ ಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರಪದರವಾಗಿ ಕುಳಿತ ಸುಣ್ಣದ ಕೆಸರು. ರಸ್ತೆ ಬದಿಯ ಸುರಕ್ಷಿತ ಜಾಗವೊಂದನ್ನು ಆರಿಸಿ, ಎಷ್ಟು ಪದರಗಳಿವೆ, ಬಣ್ಣ ಎಲ್ಲಿ ಬದಲಾಗಿದೆ, ಅವು ಏಕೆ ಮಟ್ಟಸವಾಗಿವೆ ಎಂದು ಕೇಳಿರಿ. ಬಂದವರ ಉತ್ತರ ತಪ್ಪಿದರೆ ಹೀಯಾಳಿಸದೆ ತಿದ್ದಿರಿ. ಉತ್ತರ ತಿಳಿದವರು ಗೆಳೆಯರಿಗೆ ಹೇಳಿಕೊಡದಿರಿ. ಅವರೂ ಬಂದು ನೋಡಲಿ.

ಹೀಗೆ ನೋಡಿದವರು ಈ ಕಲ್ಲನ್ನು ಬರಿಯ ಟನ್ನುಗಳ ಲೆಕ್ಕದಲ್ಲಿ ಕಾಣಲಾರರು ಎಂಬುದು ನನ್ನ ನಂಬಿಕೆ. ನೀವು ಬಂದುಹೋದ ಗುರುತು ನಿಮ್ಮ ಪುಸ್ತಕದಲ್ಲಿರಲಿ, ನೆಲದ ಮೇಲೆ ಬೇಡ.