ನೆಗಡಿಯ ಮಾತ್ರೆಯೂ ನಿದ್ದೆಯ ಮಂಪರೂ



ನೆಗಡಿ ಬಂದಾಗ, ಮೈಮೇಲೆ ಪಿತ್ತದ ಗಂಧೆಗಳೆದ್ದಾಗ ಅಂಗಡಿಯಿಂದ ಪುಟ್ಟ ಮಾತ್ರೆಯೊಂದನ್ನು ತಂದು ನುಂಗುವುದು ನಮ್ಮ ಗ್ರಾಮಗಳಲ್ಲಿ ರೂಢಿಯಾಗಿದೆ. ಅದರಲ್ಲಿ ಹೆಚ್ಚಾಗಿ ಇರುವುದು ಕ್ಲೋರ್‌ಫೆನಿರಮಿನ್ ಎಂಬ ಹಳೆಯ ಔಷಧಿ. ಅದು ತುರಿಕೆಯನ್ನೂ ಸೀನನ್ನೂ ತಗ್ಗಿಸುತ್ತದೆಯೇ ಹೊರತು ನೆಗಡಿಯನ್ನು ಗುಣಪಡಿಸುವುದಿಲ್ಲ. ನೆಗಡಿಯು ತಾನಾಗಿಯೇ ಬಿಟ್ಟುಹೋಗತಕ್ಕದ್ದು.

ಈ ಔಷಧಿಯು ಮಿದುಳನ್ನೂ ಪ್ರವೇಶಿಸುವುದರಿಂದ ತೂಕಡಿಕೆ ಬರುತ್ತದೆ. 4 ಮಿಲಿಗ್ರಾಂನ ಒಂದೇ ಮಾತ್ರೆ ಸಾಕು. ನಿದ್ದೆ ಬಂದಿಲ್ಲವೆಂದು ತೋರಿದರೂ ಕೈಯ ಚುರುಕು ಕುಂದಿರುತ್ತದೆ. ಆದುದರಿಂದ ಮಾತ್ರೆ ನುಂಗಿದ ಯಜಮಾನನು ಟ್ರ್ಯಾಕ್ಟರನ್ನು ನಡೆಸುವುದಾಗಲಿ, ಮೇವು ಕತ್ತರಿಸುವ ಯಂತ್ರಕ್ಕೆ ಕೈಯೊಡ್ಡುವುದಾಗಲಿ ಸಲ್ಲದು. ಮೇಲೆ ಮದ್ಯವೂ ಸೇರಿದರೆ ಕೇಳಬೇಕಾದ್ದೇ ಇಲ್ಲ. ಮನೆಯ ವೃದ್ಧರಿಗೆ ಮೂತ್ರ ಕಟ್ಟಿಕೊಳ್ಳಬಹುದು, ನಡೆಯುವಾಗ ಜೋಲಿ ಹೊಡೆದು ಬೀಳಬಹುದು.

ಅಳುವ ಕೂಸನ್ನು ಮಲಗಿಸಲೆಂದು ನೆಗಡಿಯ ಸಿರಪ್ಪನ್ನು ಕುಡಿಸುವ ತಾಯಂದಿರುಂಟು. ದಯವಿಟ್ಟು ಹಾಗೆ ಮಾಡಬೇಡಿರಿ. ಕೆಲವು ಮಕ್ಕಳು ಮಲಗುವ ಬದಲು ಮತ್ತಷ್ಟು ಚಡಪಡಿಸುತ್ತವೆ. ಪ್ರಮಾಣ ಮೀರಿದರೆ ಸೆಳವು ಬರಬಹುದು, ಪ್ರಾಣಕ್ಕೂ ಅಪಾಯವುಂಟು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಬೆರೆತ ಔಷಧಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದೆಂದು ಸೀಸೆಯ ಮೇಲೆ ಮುದ್ರಿಸುವಂತೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಸೂಚಿಸಿತು. ಮೊಲೆಯೂಡಿಸುವ ತಾಯಿಯೂ ಗರ್ಭಿಣಿಯೂ ವೈದ್ಯರನ್ನು ಕೇಳಿಯೇ ಸೇವಿಸತಕ್ಕದ್ದು.

ಮಾತ್ರೆ ಬೇರೆ, ಸಿರಪ್ ಬೇರೆ ಎಂದು ಭಾವಿಸಿ ಎರಡನ್ನೂ ಸೇವಿಸುವುದುಂಟು. ಎರಡರಲ್ಲಿಯೂ ಅದೇ ಔಷಧಿಯಿರಬಹುದು. ಮಗುವೇನಾದರೂ ಮಾತ್ರೆಗಳನ್ನು ನುಂಗಿದ್ದು ಕಂಡರೆ, ಉಳಿದ ಪಟ್ಟಿಯನ್ನೂ ಕೈಯಲ್ಲಿ ಹಿಡಿದು ತಕ್ಷಣ ಆಸ್ಪತ್ರೆಗೆ ಹೋಗಿರಿ.